ಮನಿ ಅನಬ್ಯಾಡ, ಮನೆ ಅನ್ನು

“ಕನ್ನಡದ ಹುಡುಗರಿಗೆ ಕನ್ನಡ ಕಲಿಸೋದರಾಗ ಏನೈತ್ರಿ ತ್ರಾಸು?” ಎಂದು ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಕೇಳಿದಾಗಲೆಲ್ಲ ನನಗೆ ಅಳು ಬರುತ್ತದೆ. ಡಂಬಳದ ಈಚೆಗಿರುವ ಒಂದು ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ಕಲಿಸುತ್ತೇನೆ ಎಂದು ಮಾತ್ರ ಹೇಳಿದೆ, ಅವರು ಕಲಿಯುತ್ತಾರೆ ಎಂದು ಎಲ್ಲಿಯೂ ಹೇಳಿಲ್ಲ. ಮುಂದೆ ಹೇಳುವಂಥ ಪ್ರಸಂಗಗಳು ನನ್ನ ತರಗತಿಯಲ್ಲಿ ನಿತ್ಯ ನಡೆಯುತ್ತವೆ. ಕೇಳಿದವರೆಲ್ಲ ನಗುತ್ತಾರೆ. ಮನೆಗೆ ಬಂದು ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗುವವಳು ನಾನೊಬ್ಬಳೇ.

ಅಪ್ಪ ಇಟ್ಟ ಪರೀಕ್ಷೆ

ಐದನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಲೆಕ್ಕ ಬಾಯಲ್ಲೇ ಮಾಡುವಷ್ಟು ಜಾಣೆ. ಆದರೆ ಕನ್ನಡ ಪುಸ್ತಕ ತೆರೆದರೆ ಬಾಯಿ ಮುಚ್ಚುತ್ತಿತ್ತು. ನಮ್ಮ ಶಾಲೆ ಐದಕ್ಕೇ ಮುಗಿಯುತ್ತದೆ. ಮುಂದೆ ಓದಬೇಕೆಂದರೆ ಮುಂಡರಗಿ ಬಸ್ಸು ಹತ್ತಿ ಡಂಬಳದಲ್ಲಿ ಇಳಿಯಬೇಕು. ಅವಳ ಅಪ್ಪ ಶೇಂಗಾ ವ್ಯಾಪಾರಿ. ಒಂದು ದಿನ ಶಾಲೆಗೆ ಬಂದು ಕಡ್ಡಿ ಮುರಿದಂತೆ ಹೇಳಿದರು.

“ಅಕ್ಕೋರ, ಬಸ್ಸಿನ ಬೋರ್ಡ್ ಓದಾಕ ಬಂದ್ರ ಡಂಬಳಕ್ಕ ಹೆಸರು ಹಚ್ಚಸ್ತೀನಿ. ಬರ್ಲಿಲ್ಲಂದ್ರ ಮನ್ಯಾಗ ಇರ್ಲಿ. ಡಂಬಳಕ್ಕ ಹೋಗಾಕಿ ಗದಗಿಗೆ ಹೋದ್ರ ಹುಡುಕ್ಯಾಡಾಕ ನಾನ ಹೋಗಬೇಕು.”

ಅಕ್ಕೋರು ಎಂದರೆ ನಾನು. ನಮ್ಮ ಕಡೆ ಟೀಚರನ್ನು ಹಾಗೆ ಕರೆಯುತ್ತಾರೆ. ಹುಡುಗಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

“ಚಿಂತಿ ಮಾಡಬ್ಯಾಡ್ರಿ, ನಾ ಓದಸ್ತೀನಿ,” ಎಂದೆ.

“ಒಂದನೇತ್ತಿಗೆ ಹೆಸರು ಹಚ್ಚಿದಾಗೂ ಹಿಂಗ ಅಂದಿದ್ರಿ,” ಎಂದು ಅವರು ಎದ್ದು ಹೋದರು.

ನಾಳೆ

ಕಾಲಗಳ ಪಾಠ. ಹಲಗೆಯ ಮೇಲೆ ‘ನಾನು ನಾಳೆ ಶಾಲೆಗೆ’ ಎಂದು ಬರೆದು ಮುಂದೆ ಜಾಗ ಬಿಟ್ಟೆ. ‘ಬರುತ್ತೇನೆ’ ಎಂದು ತುಂಬಿದರೆ ಭವಿಷ್ಯತ್ಕಾಲ ಮುಗಿಯಿತು.

“ಬರೂದಿಲ್ರಿ!” ಎಂದ ಮೊದಲ ಸಾಲಿನವ.

“ಸರಿಯಾಗಿ ಹೇಳೋ.”

“ಖರೇನ ರೀ ಅಕ್ಕೋರ, ನಾಳಿ ಸಂತಿ ಐತಿ.”

ಎರಡನೆಯವನೂ ಬರೂದಿಲ್ಲ, ಮೂರನೆಯವಳೂ ಬರೂದಿಲ್ಲ. ಒಬ್ಬ ಮಾತ್ರ ಬರುತ್ತೇನೆ ಎಂದ. ಉಳಿದವರೆಲ್ಲ ಅವನನ್ನು “ಸುಳ್ಳ, ಸುಳ್ಳ” ಎಂದು ಹಿಡಿದು ಜಗ್ಗಾಡಿದರು. ಮರುದಿನ ಶಾಲೆಗೆ ಹೋದರೆ ಒಂದು ನರಪಿಳ್ಳೆಯೂ ಇರಲಿಲ್ಲ. ಇಡೀ ವರ್ಷದಲ್ಲಿ ನನ್ನ ತರಗತಿ ವ್ಯಾಕರಣಕ್ಕೆ ಕೊಟ್ಟ ಸರಿಯುತ್ತರ ಅದೊಂದೇ.

ಎಮ್ಮೆಯ ಮಾನ

ನಮ್ಮ ಹಳ್ಳಿಯ ಮಕ್ಕಳ ಬಾಯಲ್ಲಿ ಅವ್ವ ‘ಹೋಗೇತಿ’, ಎಮ್ಮೆ ‘ಹೋಗ್ಯಾಳ’. ಲಿಂಗಗಳ ಪಾಠದ ದಿನ ಇದನ್ನು ತಿದ್ದಲು ಟೊಂಕ ಕಟ್ಟಿ ನಿಂತೆ. ಅವ್ವ ಸ್ತ್ರೀಲಿಂಗ, ಆದ್ದರಿಂದ ಹೋಗಿದ್ದಾಳೆ. ಎಮ್ಮೆ ನಪುಂಸಕಲಿಂಗ, ಆದ್ದರಿಂದ ಹೋಗಿದೆ. ಗಂಟಲು ಹರಿಯುವಂತೆ ಹೇಳಿದೆ, ಹೇಳಿಸಿದೆ.

ಮರುದಿನ ಬೆಳಿಗ್ಗೆ ಒಬ್ಬ ಹುಡುಗನ ತಾಯಿ ಶಾಲೆಯ ಬಾಗಿಲಲ್ಲಿ ಸೆರಗು ಬಿಗಿದು ನಿಂತಿದ್ದರು.

“ಅಕ್ಕೋರ, ನಮ್ಮ ಎಮ್ಮಿ ನಪುಂಸಕ ಅಂದ್ರಂತಲ್ರಿ?”

“ಅಯ್ಯ, ಅದು ವ್ಯಾಕರಣದಾಗಿಂದ್ರಿ.”

“ಯಾವದರಾಗಿಂದಾರ ಇರವಲ್ದ್ಯಾಕ! ಮೂರು ಕರಾ ಹಾಕ್ಯಾಳ್ರಿ ನಮ್ಮೆಮ್ಮಿ. ಮಾರಬೇಕಂತ ಮಾಡೇವಿ. ಊರಾಗ ಇಂಥಾ ಸುದ್ದಿ ಹಬ್ಬಿದ್ರ ಯಾರ ತಗೋತಾರ?”

ನಾನು ವಿವರಿಸಿದಷ್ಟೂ ಅವರ ದನಿ ಏರಿತು. ಕೊನೆಗೆ ಸೆರಗಿನ ಮರೆಯಿಂದ ಒಂದು ತಂಬಿಗೆ ಹಾಲು ತೆಗೆದು ನನ್ನ ಮುಂದಿಟ್ಟರು. “ಕುಡೀರಿ. ಕುಡದ ಹೇಳ್ರಿ ಈಗ.”

ಕುಡಿದೆ. ಗಟ್ಟಿ ಹಾಲು. ಮಕ್ಕಳೆಲ್ಲರ ಎದುರಿಗೆ ಎಮ್ಮೆ ಸ್ತ್ರೀಲಿಂಗ ಎಂದು ಒಪ್ಪಿಕೊಂಡೆ.

ಹುಲೆ ಬಂತು ಹುಲೆ

ಇಷ್ಟರ ನಡುವೆ ಆ ಶೇಂಗಾ ವ್ಯಾಪಾರಿಯ ಮಗಳನ್ನು ದಿನವೂ ಶಾಲೆ ಬಿಟ್ಟ ಮೇಲೆ ಕೂರಿಸಿಕೊಳ್ಳುತ್ತಿದ್ದೆ. ಅವಳ ಜೊತೆಗೆ ಇನ್ನಷ್ಟು ಮಕ್ಕಳು ಕೂರುತ್ತಿದ್ದರು. ಪುಸ್ತಕದಲ್ಲಿ ‘ಮನೆ’ ಎಂದಿದ್ದರೆ ಎಲ್ಲರೂ ‘ಮನಿ’ ಎಂದು ಓದುವವರು. ನಾನೂ ಬೆಟಗೇರಿಯವಳೇ, ಮನೆಯಲ್ಲಿ ನಾನೂ ಮನಿ ಎನ್ನುವವಳೇ. ಆದರೆ ಓದುವಾಗ ಇರುವ ಅಕ್ಷರ ಓದಬೇಕಲ್ಲ? “ಮನಿ ಅನಬ್ಯಾಡ, ಮನೆ ಅನ್ನು. ಶಾಲಿ ಅನಬ್ಯಾಡ, ಶಾಲೆ ಅನ್ನು,” ಎಂದು ಬಾಯಿ ಬಾಯಿ ಬಡಿದುಕೊಂಡೆ.

ಕಲಿತರು. ಅತಿಯಾಗಿ ಕಲಿತರು. ಮಾತಿನ ಕಡೆಗೆ ‘ಇ’ ಬಂದರೆ ಅಕ್ಕೋರಿಗೆ ಸಿಟ್ಟು ಬರುತ್ತದೆ ಎಂದು ತಿಳಿದುಕೊಂಡರು. ಹುಲಿ ಹುಲೆಯಾಯಿತು, ಇಲಿ ಇಲೆಯಾಯಿತು, ರೊಟ್ಟಿ ರೊಟ್ಟೆಯಾಯಿತು. ತಿದ್ದಲು ಹೋದರೆ ಇಲಿಯ ಜೊತೆಗೆ ಮನೆಯೂ ಮತ್ತೆ ಮನಿಯಾಗುತ್ತಿತ್ತು. ನಾನು ಕೈಚೆಲ್ಲಿ ಕುಳಿತೆ.

ಅದೇ ವಾರ ಶಾಲೆ ನೋಡಲು ಸಾಹೇಬರು ಬಂದರು. ದೊಡ್ಡ ಮೀಸೆ, ದೊಡ್ಡ ದನಿ. ಮಕ್ಕಳು ಎದ್ದು ನಿಂತು ಒಕ್ಕೊರಲಿನಿಂದ ಸ್ವಾಗತಿಸಿದರು.

“ಬರ್ರೆ ಸರ್! ಕುಂಡ್ರೆ ಸರ್!”

ಆ ಮೀಸೆಗೆ ಅದುವರೆಗೆ ಯಾರೂ ‘ಬಾರೇ’ ಎಂದಿರಲಿಕ್ಕಿಲ್ಲ. ಸಾಹೇಬರು ನನ್ನ ಕಡೆ ತಿರುಗಿದರು. “ಏನ್ರಿ ಇದು?”

“ಶುದ್ಧ ಕನ್ನಡ ಸರ್,” ಎಂದೆ. ಬೇರೇನು ಹೇಳಲಿ?

ಬೋರ್ಡು

ವರ್ಷ ಮುಗಿಯಿತು. ಆ ಹುಡುಗಿ ನನ್ನೆದುರು ಅಷ್ಟಿಷ್ಟು ಗುನುಗುತ್ತಿದ್ದಳೇ ಹೊರತು ಗಟ್ಟಿಯಾಗಿ ಒಂದು ಪದ ಓದಿರಲಿಲ್ಲ. ಅವಳಪ್ಪ ಹೇಳಿದ ದಿನ ಮೂವರೂ ಬಸ್ ನಿಲ್ಲುವಲ್ಲಿ ಹೋಗಿ ನಿಂತೆವು. ಅಪ್ಪನಿಗೆ ಓದಲು ಬರುವುದಿಲ್ಲ. ಆದರೆ ಯಾವ ಹೊತ್ತಿಗೆ ಯಾವ ಬಸ್ಸೆಂದು ಬಾಯಿಪಾಠ. ಹುಡುಗಿ ಮನೆಯಲ್ಲಿ ಉಳಿದರೆ ಆ ಪಾಪ ನನ್ನದೇ.

ಬಸ್ಸು ಬಂದು ನಿಂತಿತು. ಹುಡುಗಿ ಕತ್ತೆತ್ತಿ ಬೋರ್ಡು ನೋಡಿದಳು. ತುಟಿ ಅಲುಗಿದವು.

“ಮುಂ... ಡ... ರ...”

ನನ್ನ ಕಣ್ಣಲ್ಲಿ ನೀರು. ಓದುತ್ತಿದ್ದಾಳೆ! ದೇವರೇ, ಓದುತ್ತಿದ್ದಾಳೆ!

“ಮುಂಡರಗೆ!” ಎಂದಳು, ಇಡೀ ಬಸ್ಸಿಗೆ ಕೇಳುವಂತೆ.

“ಅಂಥಾ ಊರು ಈ ಕಡೆ ಎಲ್ಲೂ ಇಲ್ರಿ ಅಕ್ಕೋರ,” ಎಂದರು ಅಪ್ಪ.

“ತಂಗಿ, ಕಡೀ ಅಕ್ಷರ ಛಂದಂಗ ನೋಡು,” ಎಂದೆ.

“ನೋಡೇನ್ರಿ. ಅಲ್ಲೆ ಮುಂಡರಗಿ ಅಂತ ಬರದಾರ. ತಪ್ಪು ಬರದಾರ. ನಾ ತಿದ್ದಿ ಓದಿದ್ನಿ.”

“ತಿದ್ದಬ್ಯಾಡವ್ವಾ! ಮುಂಡರಗಿ ಅನ್ನು!”

“ಕಡೀಗೆ ಇ ಬಂದ್ರ ಬೈತೀರೆಲ್ರಿ?”

“ಬೈಯೂದಿಲ್ಲ! ಮನಿ ಅನ್ನು, ಶಾಲಿ ಅನ್ನು, ಜೀವ ಇರೋತನಕಾ ಅನ್ನು. ಈಗ ಮುಂಡರಗಿ ಅನ್ನು, ನಮ್ಮವ್ವಾ!”

ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ತಲೆ ಹೊರಹಾಕಿ ನಗುತ್ತಿದ್ದರು. ಕಂಡಕ್ಟರ್ ಸೀಟಿ ಊದುವುದನ್ನೇ ಮರೆತಿದ್ದ. ಹುಡುಗಿ ನನ್ನನ್ನೂ ಬೋರ್ಡನ್ನೂ ಒಂದು ಸಲ ನೋಡಿ, ಅಕ್ಕೋರು ಹೇಳಿದರೆಂದು ತಪ್ಪು ಮಾಡುವವಳಂತೆ, “ಮುಂಡರಗಿ,” ಎಂದಳು.

ಬಸ್ಸು ಹೋಯಿತು. ನಾನು ಅಪ್ಪನ ಕಡೆ ತಿರುಗಿದೆ.

“ಏನಂತೀರಿ?” ಎಂದೆ, ಜೀವ ಕೈಯಲ್ಲಿ ಹಿಡಿದು.

“ಕಳಸ್ತೀನ್ರಿ ಅಕ್ಕೋರ,” ಎಂದರು. “ಕಳಸದ ಬಿಟ್ರ ಹೆಂಗ? ನೀವು ಕಲಿಸಿದ್ದನ್ನ ಮರಸಾಕ ಯಾರಾರ ಬೇಕಲ್ರಿ.”