ಪರದೇಶಿ ಕಳೆಯೂ ನಮ್ಮ ಸಾಹೇಬರೂ

ಬೆಳಗಾವಿಯ ಒಕ್ಕಲುತನದ ಕಚೇರಿಯಲ್ಲಿ ನಾನು ಕಾರಕೂನನಾಗಿದ್ದಾಗ, ಹೊರದೇಶದಿಂದ ಬಂದು ಹೊಲ ನುಂಗುವ ಕಳೆಗಳ ಗುರುತು ಹೇಳುವುದೇ ನಮ್ಮ ಕೆಲಸ. ಗುರುತು ಎಲ್ಲರಿಗೂ ಬೇಗ ತಿಳಿಯುತ್ತಿತ್ತು. ತಮ್ಮ ಹಿತ್ತಲಲ್ಲಿ ಬೆಳೆದಾಗ ಮಾತ್ರ ಕಣ್ಣು ಮಂಜಾಗುತ್ತಿತ್ತು.

ಬಂಗಲೆಯ ಬೇಲಿ

ನಮ್ಮ ಸಾಹೇಬರು ಖಾನಾಪುರದ ಸಂತೆಯಲ್ಲಿ ನಿಂತು ಲಂಟಾನದ ಮೇಲೆ ಭಾಷಣ ಮಾಡಿದರು. "ಬಣ್ಣಬಣ್ಣದ ಗೊಂಚಲು ಹೂವು, ಎಲಿ ತಿಕ್ಕಿದ್ರ ಘಾಟು. ಹಕ್ಕಿ ಹಣ್ಣು ತಿಂದು ಊರತುಂಬ ಬೀಜ ಬಿತ್ತತಾವು. ಕಂಡಲ್ಲಿ ಬೇರುಸಹಿತ ಕೀಳ್ರಿ."

ಮರುದಿನ ಸಹಿ ಹಾಕಿಸಲು ಬೆಳಗಾವಿಯ ದಂಡಿನ ಪ್ರದೇಶವಾದ ಕ್ಯಾಂಪಿನಲ್ಲಿದ್ದ ಅವರ ಬಂಗಲೆಗೆ ಹೋದರೆ, ಬಾಯಿಸಾಹೇಬರು ಲಂಟಾನದ ಬೇಲಿಗೆ ನೀರು ಹಾಕಿಸುತ್ತಿದ್ದರು. ನಾನು ಸಾಹೇಬರ ಮುಖ ನೋಡಿದೆ. ಅವರು ಹೆಂಡತಿಯ ಮುಖ ನೋಡಿದರು.

"ಹೊಲದಾಗ ಬೆಳದ್ರ ಅದು ಕಳೆ. ಇಲ್ಲಿ ಬೆಳದ್ರ ಬಗೀಚಾ" ಎಂದು ಮೆಲ್ಲಗೆ ಹೇಳಿ ಸಹಿ ಹಾಕಿದರು.

ಬಾವಿಯ ಹೂವು

ಶಹಾಪುರದ ಸೀರೆ ವ್ಯಾಪಾರಿಯೊಬ್ಬರು ಮುಂಬಯಿಯಿಂದ ನೀಲಿ ಹೂವಿನ ನೀರುಗಿಡ ತಂದು ಹಿತ್ತಲ ಬಾವಿಗೆ ಬಿಟ್ಟಿದ್ದರು.

"ಈಗ ತಗೀರಿ ಯಜಮಾನ್ರ, ನೀರೆಲ್ಲಾ ಮುಚ್ಚತೈತಿ" ಎಂದೆ.

"ಬೇರು ನೆಲಕ್ಕ ಮುಟ್ಟಿಲ್ಲ, ಪಾಪ, ಅದೇನ ಮಾಡೀತು?"

ಮಳೆಗಾಲ ಮುಗಿಯುವಷ್ಟರಲ್ಲಿ, ಇಳಿಬಿಟ್ಟ ಕೊಡ ನೀರು ಮುಟ್ಟದೆ ಹಸಿರು ಗಾದಿಯ ಮೇಲೆ ಸಾವುಕಾರನಂತೆ ಕುಳಿತುಬಿಟ್ಟಿತು. ಮನೆಮಂದಿಗೆ ಕುಡಿಯಲು ನೀರಿಲ್ಲ. ಆಗ ನನ್ನನ್ನು ಕರೆಸಿದರು. ಪೂರಾ ತೆಗೆಸಿ, ಒಣಗಿಸಿ, ಸುಡಿರಿ ಎಂದು ಹೇಳಿ ಬಂದೆ. ಮುಂದಿನ ಸಲ ಹೋದರೆ ಬಾವಿ ಸ್ವಚ್ಛ.

"ಎಲ್ಲಾ ಸುಟ್ರೇನ್ರಿ?"

"ಇಷ್ಟು ಚಂದದ ಹೂವು ಯಾರರೆ ಸುಡತಾರೇನ್ರಿ? ಬೀಗರ ಬಾವಿಗೆ ಕೊಟ್ಟು ಕಳಿಸೀನಿ."

ಪಾಟೀಲರ ಕಳ್ಳಿ

ಖಾನಾಪುರದ ಮೂಡಲ ಕಡೆಯ ಹಳ್ಳಿಯೊಂದರಲ್ಲಿ ಪಾಪಾಸುಕಳ್ಳಿ ಹೊಲಗಳನ್ನೇ ತಿನ್ನುತ್ತಿತ್ತು. ದನದ ಬಾಯಿಗೆಲ್ಲ ಮುಳ್ಳು. ಕಳ್ಳಿಯನ್ನು ಕೊಲ್ಲುವ ಹುಳ ಬಂದಿದೆಯೆಂದು ಕೇಳಿ ಸಾಹೇಬರು ಅದನ್ನು ತರಿಸಿ, ಅರಳೆಯಂಥ ಆ ಬಿಳಿ ಹುಳಗಳನ್ನು ಆ ಊರಿನ ಪಾಟೀಲರ ಹೊಲದ ಕಳ್ಳಿಗೆ ಬಿಡಿಸಿದರು. ಪಾಟೀಲರು ಆ ದಿನ ಊರಲ್ಲಿರಲಿಲ್ಲ.

ಕೆಲವು ತಿಂಗಳ ನಂತರ ನೋಡಲು ಹೋದೆವು. ಬೇರೆ ಊರುಗಳಲ್ಲಿ ಕಳ್ಳಿ ಕೊಳೆತು ಬಿದ್ದಿತ್ತು. ಇಲ್ಲಿ ಮಾತ್ರ ಆಳೆತ್ತರ ಬೆಳೆದು ಹೂಬಿಟ್ಟಿತ್ತು.

"ಹುಳ ಎಲ್ಲಿ ಹೋದ್ವು?" ಎಂದರು ಸಾಹೇಬರು.

ಪಾಟೀಲರು ಎದೆ ಸೆಟೆಸಿ ನಿಂತರು. "ಅಹೋ ಸಾಹೇಬ್ರ, ಒಂದೂ ಉಳಿಸಿಲ್ಲ. ಗಿಡಕ್ಕ ಹುಳ ಬಿದ್ರ ತಂಬಾಕಿನ ನೀರು ಹೊಡೀರಿ ಅಂತ ಹ್ವಾದ ವರ್ಷ ನೀವ ಭಾಷಣದಾಗ ಹೇಳಿದ್ರಲ್ಲ? ಮನಿಮಂದೆಲ್ಲಾ ಕೂಡಿ ಹೊಡದೀವಿ."

ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. ಆಮೇಲೆ ನನ್ನ ಕಿವಿಯಲ್ಲಿ ಹೇಳಿದರು:

"ಇಷ್ಟು ವರ್ಷದಾಗ ನಾ ಹೇಳಿದ್ದನ್ನ ಕೇಳಿದಾವ ಇವನೊಬ್ಬನ. ಬೈಯಾಕ ಮನಸ್ಸ ಬರವಲ್ದು."