ಗ್ಯಾಲಕ್ಸಿಯ ಚಕ್ಕುಬಂದಿ

ಸಿಟ್ಟು ಎಲ್ಲರಿಗೂ ಬರುತ್ತದೆ. ಆದರೆ ತಮ್ಮ ಸಿಟ್ಟಿಗೆ ವಿಜ್ಞಾನದ ಬೆಂಬಲವಿದೆ ಎಂದು ಹೇಳಿಕೊಳ್ಳುವ ಭಾಗ್ಯ ಎಷ್ಟು ಜನಕ್ಕಿದೆ? ನನಗಿದೆ. ಶಿಕಾರಿಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ನಾನು ಉಳಿದ ಹೊತ್ತಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಎಷ್ಟು ವರ್ಷದಿಂದ ಎಂದು ಕೇಳಬೇಡಿ. ಕೇಳಿದವರ ಜೊತೆ ಮಾತು ಬಿಟ್ಟಿದ್ದೇನೆ. ಸುತ್ತಲಿನ ಪರಿಸರ ಒಂದು ಗ್ಯಾಲಕ್ಸಿಯನ್ನು ಏನು ಮಾಡುತ್ತದೆ ಎಂಬುದು ನನ್ನ ವಿಷಯ. ಒಂಟಿಯಾಗಿರುವ ಗ್ಯಾಲಕ್ಸಿ ಸಾಮಾನ್ಯವಾಗಿ ತನ್ನ ತಣ್ಣನೆಯ ಅನಿಲವನ್ನು ಕಾಪಾಡಿಕೊಂಡು, ಅದರಿಂದ ಹೊಸ ನಕ್ಷತ್ರಗಳನ್ನು ಹುಟ್ಟಿಸುತ್ತ ನೀಲಿಯಾಗಿ ಹೊಳೆಯುತ್ತಿರುತ್ತದೆ. ಅದೇ ಗ್ಯಾಲಕ್ಸಿ ನೂರಾರು ಗ್ಯಾಲಕ್ಸಿಗಳ ಗುಂಪಿನೊಳಗೆ ಬಿತ್ತೋ, ಮುಗಿಯಿತು. ಅಲ್ಲಿ ತುಂಬಿಕೊಂಡಿರುವ ಬಿಸಿ ಅನಿಲ ಎದುರುಗಾಳಿಯಂತೆ ಬಡಿದು ಇದರ ಅನಿಲವನ್ನು ಕಿತ್ತೊಯ್ಯುತ್ತದೆ. ಅಕ್ಕಪಕ್ಕದವು ಹಾದುಹೋಗುವಾಗಲೆಲ್ಲ ಇದನ್ನು ಎಳೆದಾಡುತ್ತವೆ. ಹೊಸ ನಕ್ಷತ್ರ ಹುಟ್ಟುವುದು ನಿಂತು, ಹಳೆಯವಷ್ಟೇ ಉಳಿದು, ಗ್ಯಾಲಕ್ಸಿ ಕೆಂಪಗಾಗುತ್ತದೆ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸುತ್ತ ನೋಡಿದೆ. ನಮ್ಮ ಸ್ಟಾಫ್ ರೂಮಿನಲ್ಲಿ ಕೂತಿದ್ದೆ.

ಆ ಸ್ಟಾಫ್ ರೂಮೋ! ನನ್ನ ಎಡಕ್ಕೆ ಕನ್ನಡದ ಶಾರದಾ ಮೇಡಂ, ಬಲಕ್ಕೆ ವಾಣಿಜ್ಯದ ರುದ್ರಪ್ಪನವರು, ಹಿಂದೆ ಮುಂದೆ ಇನ್ನಿಬ್ಬರು. ರುದ್ರಪ್ಪನವರಿಗೆ ಯಾರಾದರೂ ಮೌನವಾಗಿದ್ದರೆ ಕರುಣೆ ಉಕ್ಕುತ್ತದೆ. ನಾನು ಲ್ಯಾಪ್‌ಟಾಪ್ ತೆರೆದು ಒಂದು ವಾಕ್ಯಕ್ಕಾಗಿ ಕಾಯುತ್ತಿದ್ದರೆ, "ಏನ್ರೀ ಸರ್, ಹುಷಾರಿಲ್ಲೇನು?" ಎಂದು ವಿಚಾರಿಸುತ್ತಾರೆ. ಹುಷಾರಾಗಿದ್ದೇನೆ ಎಂದು ಅವರನ್ನು ಒಪ್ಪಿಸುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಬಿಡುವಿದ್ದರೆ ಯಾವುದೋ ತಪಾಸಣೆಗೆ ಬರುವವರಿಗಾಗಿ ಹೋದ ವರ್ಷದ ಸಸಿ ನೆಟ್ಟ ಫೋಟೋಗಳಿಗೆ ಅಡಿಬರಹ ಬರೆಯಬೇಕು. ಹೀಗಿರುವಾಗ ವಿಶ್ವವಿದ್ಯಾಲಯದಿಂದ ಪತ್ರ ಬಂತು: ಮೂರು ತಿಂಗಳೊಳಗೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದು. ನನ್ನ ಮೂರನೇ ಅಧ್ಯಾಯ ಅರ್ಧಕ್ಕೆ ನಿಂತಿತ್ತು. ನಿಲ್ಲಿಸಿದವರು ಯಾರು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಕಾರಿಡಾರಿನ ಕೊನೆಯಲ್ಲಿ ಮುರಿದ ಉಪಕರಣಗಳನ್ನು ತುಂಬಿಟ್ಟ ಒಂದು ಕೋಣೆಯಿದೆ. ಅದನ್ನು ನನಗೆ ಕೊಡಬೇಕೆಂದು ಪ್ರಿನ್ಸಿಪಾಲರಿಗೆ ಅರ್ಜಿ ಹಾಕಲು ನಿರ್ಧರಿಸಿದೆ. ಅಂಥಿಂಥ ಅರ್ಜಿಯಲ್ಲ, ಎದುರಾಳಿಗಳು ಅಲ್ಲಾಡಬಾರದು, ಅಂಥದ್ದು.

ಅದಕ್ಕೆ ತಕ್ಕವನು ನನ್ನ ಹೆಂಡತಿಯ ತಮ್ಮ ಮಂಜುನಾಥ. ಸೊರಬದಲ್ಲಿ ನೋಂದಣಿ ಕಚೇರಿಯ ಎದುರು ಕೂತು ಜಮೀನಿನ ಪತ್ರ ಬರೆಯುವವನು. ಒಂದು ರಜಾದಿನ ಅವನ ಮನೆಗೆ ಹೋಗಿ ನನ್ನ ದುಃಖವನ್ನೆಲ್ಲ ಹೇಳಿಕೊಂಡೆ. ಅವನು ಹಾಳೆ ತೆಗೆದು, "ಪೂರ್ವಕ್ಕೆ ಯಾರು ಭಾವ?" ಎಂದ.

"ಎಂತ ಪೂರ್ವಕ್ಕೆ?"

"ಚಕ್ಕುಬಂದಿ ಹಾಕದೆ ನಂಗೆ ಬರೆಯಕೆ ಬರದಿಲ್ಲ ಮಾರಾಯ್ರೆ."

ಜಮೀನಿನ ನಾಲ್ಕು ದಿಕ್ಕಿಗೂ ಯಾರ್ಯಾರಿದ್ದಾರೆ ಎಂದು ಬರೆದರೇನೇ ಆ ಜಮೀನು ಯಾವುದೆಂದು ಗಟ್ಟಿಯಾಗುವುದು. ನನಗೆ ರೋಮಾಂಚನವಾಯಿತು. ನನ್ನ ಮೂರನೇ ಅಧ್ಯಾಯದ ಕೆಲಸವೇ ಅದು! ಪ್ರತಿ ಗ್ಯಾಲಕ್ಸಿಗೂ ಹತ್ತಿರದ ನೆರೆಯವರು ಎಷ್ಟು ದೂರದಲ್ಲಿದ್ದಾರೆ ಎಂದು ಅಳೆದು, ಒತ್ತೊತ್ತಾಗಿ ಇರುವಲ್ಲಿ ಕೆಂಪು ಹೆಚ್ಚು ಎಂದು ತೋರಿಸುವುದು. ಉತ್ಸಾಹದಿಂದ ವಿವರಿಸಿದೆ. ಅವನು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿದ.

"ಈ ನಿಮ್ಮ ಗ್ಯಾಲಕ್ಸಿ ಒಣಗಿದ್ದು ಯಾವಾಗ ಭಾವ?"

"ಅದೆಲ್ಲ ನೂರಾರು ಕೋಟಿ ವರ್ಷಗಳ ಹಿಂದೆ."

"ಚಕ್ಕುಬಂದಿ ಯಾವಾಗಿಂದು?"

"ಈಗ ನಮಗೆ ಕಾಣೋದು."

"ಹಂಗಾರೆ ನಡೆಯಲ್ಲ. ಅಜ್ಜನ ಕಾಲದಾಗೆ ಹಾಳುಬಿದ್ದ ಗದ್ದೆಗೆ, ಹೋದ ವರ್ಷ ಪಕ್ಕಕ್ಕೆ ಬಂದವನ ಮೇಲೆ ತಕರಾರು ಹಾಕಕೆ ಬರ್ತದ? ಅದು ಒಣಗಿದ ಮೇಲೇ ಗುಂಪಿಗೆ ಬಂದಿದ್ರೆ? ಆಗ ಪಕ್ಕದಲ್ಲಿ ಯಾರಿದ್ರು ಅಂತ ನೋಡಬೇಕು."

ನನಗೆ ಉರಿದುಹೋಯಿತು. ಇದೇ ಪ್ರಶ್ನೆಯನ್ನು ನನ್ನ ಮಾರ್ಗದರ್ಶಕರು ಅಧ್ಯಾಯದ ಅಂಚಿನಲ್ಲಿ ಪೆನ್ಸಿಲಿನಿಂದ ಮೂರು ಸಲ ಬರೆದಿದ್ದರು. ಮೂರು ಸಲವೂ ಅದು ಹೊಟ್ಟೆಕಿಚ್ಚು ಎಂದು ಅಳಿಸಿಹಾಕಿದ್ದೆ. ಮಂಜುನಾಥ ಅಷ್ಟಕ್ಕೆ ಬಿಡಬೇಕಿತ್ತು. ಬಿಡಲಿಲ್ಲ. "ಅದಿರ್ಲಿ, ನಿಮ್ಮ ಬರವಣಿಗೆ ನಿಂತಿದ್ದು ಶಿಕಾರಿಪುರಕ್ಕೆ ಹೋದ ಮೇಲೋ, ಮುಂಚೆನೋ?" ಎಂದ.

ಹೋದ ಮೇಲೆಯೇ, ಇನ್ನೇನು! ಅದಕ್ಕೆ ಮುಂಚೆ ಸೊರಬದ ಕಾಲೇಜಿನಲ್ಲಿದ್ದಾಗ ನನಗೆ ಪ್ರತ್ಯೇಕ ಕೋಣೆಯಿತ್ತು. ಬೆಳಿಗ್ಗೆ ಬೇಗ ಹೋಗಿ ಕಿಟಕಿಯ ಪಕ್ಕ ಕೂತು ಪುಟಗಟ್ಟಲೆ ಬರೆಯುತ್ತಿದ್ದೆ. ಚೆನ್ನಾಗಿ ನೆನಪಿದೆ. ಆದರೆ ಆ ಕೋಣೆಯ ಬಗ್ಗೆ ನನ್ನ ಬಳಿ ಮೂರು ನೆನಪುಗಳಿವೆ; ಮೂರರಲ್ಲೂ ಕಿಟಕಿ ಬೇರೆ ಬೇರೆ ಗೋಡೆಯಲ್ಲಿದೆ. ಹಾಗಾಗಿ ಪುರಾವೆಗಿರಲಿ ಎಂದು ಲ್ಯಾಪ್‌ಟಾಪ್ ತೆರೆದು, ಮೂರನೇ ಅಧ್ಯಾಯವನ್ನು ಕೊನೆಯ ಸಲ ತಿದ್ದಿದ ದಿನಾಂಕವನ್ನು ಅವನಿಗೆ ತೋರಿಸಿದೆ. ನಾನು ಸೊರಬ ಬಿಡುವುದಕ್ಕೆ ಒಂದು ವರ್ಷ ಮುಂಚಿನ ದಿನಾಂಕವಿತ್ತು. ಲ್ಯಾಪ್‌ಟಾಪಿನ ಗಡಿಯಾರ ಕೆಟ್ಟಿರಬೇಕು ಎಂದೆ. "ಇರ್ಬೇಕು," ಎಂದ ಮಂಜುನಾಥ, ನನ್ನಂಥವರನ್ನು ದಿನಾ ಕಾಣುವವನ ದನಿಯಲ್ಲಿ. ಅವನ ಹಾಳೆಯೂ ಬೇಡ, ಅವನೂ ಬೇಡ ಎಂದು ಎದ್ದುಬಂದು, ಬಸ್ಸಿನಲ್ಲಿ ಕೂತು ನಾನೇ ಮೊಬೈಲಿನಲ್ಲಿ ಅರ್ಜಿ ಬರೆದು, ನಾಲ್ಕು ದಿಕ್ಕಿನ ನಾಲ್ವರ ಹೆಸರನ್ನೂ ಹಾಕಿ ಪ್ರಿನ್ಸಿಪಾಲರಿಗೆ ಕಳಿಸಿಬಿಟ್ಟೆ.

ಮರುದಿನ ಜಗಳಕ್ಕೆ ಸಿದ್ಧನಾಗಿ ಹೋದರೆ, ಆ ನಾಲ್ವರೂ ಕಾರಿಡಾರಿನ ಕೊನೆಯ ಕೋಣೆ ಗುಡಿಸುತ್ತಿದ್ದರು. ಪ್ರಿನ್ಸಿಪಾಲರು ರಾತ್ರಿಯೇ ಅರ್ಜಿಗೆ ಒಪ್ಪಿ ಅವರಿಗೆ ತಿಳಿಸಿದ್ದರಂತೆ. ಮುರಿದ ಉಪಕರಣಗಳೆಲ್ಲ ಹೊರಗೆ. ರುದ್ರಪ್ಪನವರು ನನ್ನ ಮೇಜನ್ನು ತಾವೇ ಹೊತ್ತು ತಂದಿಟ್ಟು, "ಏನಾರ ಬೇಕಾದ್ರೆ ಕೂಗ್ರಿ ಸರ್. ಬ್ಯಾಡಾದ್ರೆ ಕೂಗಬ್ಯಾಡ್ರಿ," ಎಂದರು. ನನಗೆ ಕಣ್ಣು ತುಂಬಿತು. ನನ್ನ ಮೇಲೆ ಸಿಟ್ಟಿಲ್ಲವೇ ಎಂದು ಶಾರದಾ ಮೇಡಂ ಅವರನ್ನು ಕೇಳಿದೆ.

"ಸಿಟ್ಟು ಯಾಕ್ರೀ ಸರ್? ನಾವೂ ಒಂದು ಅರ್ಜಿ ಬರೆದಿಟ್ಟಿದ್ವಿ, ನಿಮ್ಮನ್ನ ಬ್ಯಾರೆ ಕಡೆ ಕೂರಿಸ್ರಿ ಅಂತ. ನಿಮ್ದೇ ಮೊದ್ಲು ಹೋತು, ಚಲೋ ಆತು. ಬೆಳಿಗ್ಗೆ ಬಂದ ಕೂಡ್ಲೆ ಗ್ಯಾಲಕ್ಸಿ ಶುರು ಮಾಡ್ತಿದ್ರಿ. ನೀವು ಪಕ್ಕಕ್ಕೆ ಬಂದಾಗಿಂದ ನಾ ಒಂದೂ ಕಥೆ ಬರೆದಿಲ್ಲ."

ಎಂಥ ಆರೋಪ! ಮೊದಲ ದಿನ "ನಿಮ್ಮ ಸಂಶೋಧನೆ ಯಾವುದ್ರ ಮೇಲೆ ಸರ್?" ಎಂದು ಕೇಳಿದ್ದು ಅವರೇ. ಕೇಳಿದ್ದಕ್ಕೆ ಹೇಳಿದೆ. ಆಮೇಲೂ ಹೇಳಿದೆ. ನಾನು ಸುಮ್ಮನೆ ಬಿಡಲಿಲ್ಲ. "ನೀವು ಬರೆಯೋದು ನಿಂತಿದ್ದು ನಾನು ಬಂದ ಮೇಲೋ, ಅದಕ್ಕೂ ಮುಂಚೆಯೋ? ಸರಿಯಾಗಿ ನೆನಪು ಮಾಡ್ಕೊಳ್ಳಿ ಮೇಡಂ," ಎಂದು ವೈಜ್ಞಾನಿಕವಾಗಿ ಪಟ್ಟು ಹಿಡಿದೆ.

"ನೆನಪು ಯಾಕೆ ಸರ್, ನೋಡೇ ಬಿಡೋಣ. ಇವತ್ತಿಂದ ನೀವು ಇಲ್ಲೇ ಇರ್ತೀರಲ್ಲ," ಎಂದು ಪೊರಕೆ ಎತ್ತಿಕೊಂಡು ಹೋದರು.

ಕೋಣೆ ಚೆನ್ನಾಗಿದೆ. ಯಾರೂ ಬರುವುದಿಲ್ಲ. ನಾಲ್ಕು ದಿನದಲ್ಲಿ ಮೂರನೇ ಅಧ್ಯಾಯಕ್ಕೆ ಒಂದು ವಾಕ್ಯ ಸೇರಿಸಿ, ಅದನ್ನೇ ಅಳಿಸಿದ್ದೇನೆ. ಐದನೆಯ ದಿನ ಸುಮ್ಮನೆ, ನೀರು ಕುಡಿಯುವ ನೆಪದಲ್ಲಿ, ಸ್ಟಾಫ್ ರೂಮಿನ ಬಾಗಿಲಿಗೆ ಹೋದೆ. ಶಾರದಾ ಮೇಡಂ ತಲೆ ತಗ್ಗಿಸಿ ಬರೆಯುತ್ತಿದ್ದರು. ಪಕ್ಕದಲ್ಲಿ ತುಂಬಿದ ಹಾಳೆಗಳ ಒಂದು ಕಟ್ಟು. ನಾನು ಸಣ್ಣಗೆ ಕೆಮ್ಮಿದೆ. ಅವರು ತಲೆ ಎತ್ತಲಿಲ್ಲ. ರುದ್ರಪ್ಪನವರು, ಆ ರುದ್ರಪ್ಪನವರು, ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡದೆ ಹೋಗಿ ಎಂದು ನನಗೆ ಸನ್ನೆ ಮಾಡಿದರು.