ಜೀಪಿನ ಪ್ಲೇಟು, ಹೆಂಡತಿಯ ಮೆಟ್ಟುಕತ್ತಿ

ಜೀಪಿನ ಅಡಿಗೆ ಮಲಗಿ ಕೆಲಸ ಮಾಡುವವನು ಎಡವಟ್ಟು ಹುಡುಕಿಕೊಂಡು ಹೋಗಬೇಕಾಗಿಲ್ಲ ಮಾರಾಯ್ರೆ, ಅದೇ ದಾರಿ ಕೇಳಿಕೊಂಡು ಬರುತ್ತದೆ. ತೆಕ್ಕಟ್ಟೆಯ ಹೈವೇ ಬದಿಯಲ್ಲಿ ನನ್ನದೊಂದು ಶೆಡ್ಡು. ಜೀಪಿನ ಕೆಳಗೆ ಬಿಲ್ಲಿನ ಹಾಗೆ ಬಾಗಿಸಿ ಒಂದರ ಅಡಿಗೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಅದಕ್ಕೆ ನಾವು ಪ್ಲೇಟು ಅನ್ನುವುದು. ಹೊಂಡಕ್ಕೆ ಬಿದ್ದರೆ ಅದು ತುಂಡಾಗುತ್ತದೆ, ನಾನು ಬಿಚ್ಚಿ ಬೇರೆ ಹಾಕುತ್ತೇನೆ. ಮೂವತ್ತು ವರ್ಷದಿಂದ ಇದೇ ಕಸುಬು.

ತುಂಡಾದ ಪ್ಲೇಟಿಗೆ ನಮ್ಮ ಕಡೆ ಭಾರೀ ಬೇಡಿಕೆ. ಕಬ್ಬಿಣ ಕೆಲಸದ ಆಚಾರಿಯ ಹತ್ತಿರ ಕಾಯಿಸಿ, ಬಡಿಸಿ ಕತ್ತಿ ಮಾಡಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಮೊಂಡಾಗುವುದಿಲ್ಲ. ನಾನು ಬಿಚ್ಚಿದ ಪ್ಲೇಟಿನ ಕತ್ತಿ ಇಲ್ಲದ ಮನೆ ಸುತ್ತಮುತ್ತ ಒಂದೇ ಒಂದು. ಅದು ನನ್ನದು.

ಒಂದು ಭಾನುವಾರ ಎಂದಿನಂತೆ ನನ್ನ ಹಳೇ ಜೀಪಿನಲ್ಲಿ ಕಡಲ ಬದಿಯ ಕೋಡಿಗೆ ಹೋಗಿ ಬಂಗುಡೆ ಮೀನು ತಂದೆ. ಹೆಂಡತಿ ಮೆಟ್ಟುಕತ್ತಿಯನ್ನು ಕಾಲಲ್ಲಿ ಒತ್ತಿ ಹಿಡಿದು ಕುಳಿತಳು. ಮೀನು ಬಾಗಿತೇ ಹೊರತು ತುಂಡಾಗಲಿಲ್ಲ. ಅವಳು ಎದ್ದು ನಿಂತಳು.

"ಕಾಣಿ, ಈ ಕತ್ತಿಯಂಗೆ ಬೆಣ್ಣೆ ಸಹ ತುಂಡಾತಿಲ್ಲ. ಊರಿಗೆಲ್ಲ ಪ್ಲೇಟ್ ಹಂಚ್ತ್ರಿ. ನಂಗೊಂದ್ ಕತ್ತಿ ಬಪ್ಪಲ್ಲಿವರಿಗೆ ಈ ಮನಿಯಂಗೆ ಮೀನಿಲ್ಲ."

"ಕೋಡಿಯಂಗೇ ಕೊಯ್ಸ್ಕಂಡ್ ಬಂದ್ರೆ?"

"ಕೊಯ್ದವ್ರೇ ಬೇಯ್ಸ್ಲಿ."

ಅವತ್ತಿನಿಂದ ಸೌತೆಕಾಯಿ ಶುರುವಾಯಿತು. ಸೌತೆಕಾಯಿ ಹುಳಿ, ಸೌತೆಕಾಯಿ ಪಲ್ಯ, ಸೌತೆಕಾಯಿ ಗೊಜ್ಜು. ಮೀನಿಲ್ಲದ ಊಟ ನನಗೆ ಊಟವೇ ಅಲ್ಲ. ಸುಳ್ಳು ಯಾಕೆ ಹೇಳಲಿ, ನಾಲ್ಕನೇ ದಿನ ಬಟ್ಟಲ ಮುಂದೆ ಕುಳಿತಾಗ ನನಗೆ ಅಳುವೇ ಬಂತು.

೧. ಗೋಣಿಯಲ್ಲಿ ಬಂದ ಪ್ಲೇಟು

ಆ ವಾರವೇ ಕಿರಿಮಂಜೇಶ್ವರದ ಕೃಷಿಕರೊಬ್ಬರ ಜೀಪು ಬಂತು. ತೆಂಗಿನಕಾಯಿ ಹೇರಿ ಹೇರಿ ಒಂದು ಪ್ಲೇಟು ನಡುಮುರಿದಿತ್ತು. ತುಂಡನ್ನು ಮೆಲ್ಲಗೆ ಕಾಲಿನಲ್ಲಿ ಬೆಂಚಿನ ಅಡಿಗೆ ತಳ್ಳಿದೆ. ಅವರು ಮೆಲ್ಲಗೆ ಕೈ ಹಾಕಿ ಹೊರಗೆಳೆದರು.

"ಇದ್ ನಂಗ್ ಬೇಕ್ ಮಾರಾಯ್ರೆ. ಕಾಯಿ ಕತ್ತಿಗೆ."

ನಾನು ನನ್ನ ಮನೆಯ ಕಥೆಯನ್ನೆಲ್ಲ ಹೇಳಿದೆ. ಅವರಿಗೆ ಕನಿಕರ ಬಂತು. "ಅಯ್ಯೋ, ಮೀನಿಲ್ದೆ ಹ್ಯಾಂಗ್ ಉಂಬ್ದ್! ನಮ್ಮನಿ ಅಟ್ಟದಂಗೆ ಹಳೇ ಪ್ಲೇಟ್ ರಾಶಿ ಇತ್ತ್. ಈಗ್ಳೇ ತರ್ಸ್ತೆ" ಎಂದು ಅಲ್ಲೇ ನಿಂತು ಹೆಂಡತಿಗೆ ಫೋನು ಹಚ್ಚಿದರು. "ಅಟ್ಟದ್ ಮೇಲಿಪ್ಪ ಹಳೇ ಪ್ಲೇಟ್ ಎಲ್ಲ ಗೋಣಿಯಂಗ್ ಕಟ್ಟಿ ಬಸ್ಸಿಗ್ ಹಾಕ್. ಹ್ಞಾಂ, ಎಲ್ಲ."

ಎರಡು ಗಂಟೆಯ ಮೇಲೆ ಬಸ್ಸಿನಿಂದ ಗೋಣಿ ಇಳಿಯಿತು. ಇಳಿಯುವಾಗ ಜಣಜಣ ಅಂದಿತು. ಮೂವತ್ತು ವರ್ಷ ಉಕ್ಕಿನ ಸದ್ದು ಕೇಳಿದ ಕಿವಿ ನನ್ನದು, ನಮ್ಮ ಪ್ಲೇಟು ಹಾಗೆ ಶಬ್ದ ಮಾಡುವುದಿಲ್ಲ. ಬಾಯಿ ಬಿಚ್ಚಿ ಕಂಡರೆ ಒಳಗೆ ಹನ್ನೆರಡು ಸ್ಟೀಲಿನ ಊಟದ ಪ್ಲೇಟು! ಒಂದೊಂದರ ಅಂಚಿನಲ್ಲೂ ಅವರ ಅತ್ತೆಯ ಹೆಸರು ಕೊರೆದಿತ್ತು. ಅವರ ಪುಣ್ಯಾತ್ಗಿತ್ತಿ ಹೆಂಡತಿ ತೊಳೆದು ಒರೆಸಿ ಬೇರೆ ಕಳಿಸಿದ್ದರು.

ಅವರು ಸಿಟ್ಟಿನಲ್ಲಿ ಮತ್ತೆ ಫೋನು ಮಾಡಿ, "ಎಂತ ಕಳ್ಸಿದ್ ನೀನ್?" ಎಂದು ಕೂಗಿದರು. ಆಚೆಯಿಂದ ಬಂದ ಉತ್ತರ ನನಗೂ ಕೇಳಿತು.

"ಹನ್ನೆರಡ್ ಸಾಕಾತಿಲ್ಯಾ? ಒಟ್ಟ್ ಎಷ್ಟ್ ಜನ ಊಟಕ್ಕೆ? ಲೋಟವೂ ಕಳ್ಸ್ಕಾ?"

೨. ಬಸ್ಸಿನಲ್ಲಿ ಹೋದ ಪ್ಲೇಟು

ಮರುವಾರ ದೇವರು ಕಣ್ಣು ಬಿಟ್ಟ. ಯಾರಿಗೂ ಬೇಡದ ಒಂದು ತುಂಡು ಸಿಕ್ಕಿತು. ನನ್ನ ನಂಬಿಕೆಯ ಆಚಾರಿ ಇರುವುದು ಬ್ರಹ್ಮಾವರದಲ್ಲಿ. ತುಂಡನ್ನು ಹಳೇ ಲುಂಗಿಯಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ.

ಪಕ್ಕದ ಸೀಟಿಗೆ ಖಾಲಿ ಬುಟ್ಟಿ ಹಿಡಿದು ಬಂದು ಕುಳಿತವರು ಕೋಡಿಯಲ್ಲಿ ನನಗೆ ಪ್ರತಿ ಭಾನುವಾರ ಮೀನು ಕೊಡುವ ಹೆಂಗಸು. ಕಂಡ ಕೂಡಲೇ ಶುರು ಮಾಡಿದರು.

"ಹ್ವಾಯ್! ಎಲ್ ಸತ್ ಹೋಯಿದ್ರಿ? ಎರಡ್ ವಾರಾಯ್ತ್ ಪತ್ತೆ ಇಲ್ಲ. ಎಂತ, ವ್ರತವಾ?"

ಕತ್ತಿಯ ಕಥೆಯನ್ನು ಕಿವಿಯಲ್ಲಿ ಹೇಳಿದೆ. ಅವರದ್ದು ಸಮುದ್ರದ ಬದಿಯ ಸ್ವರ. "ಹೆಂಡ್ತಿ ಮೀನ್ ಬಂದ್ ಮಾಡಿದ್ಲಾ!" ಎಂದು ಅವರು ಹೇಳಿದ್ದು ಡ್ರೈವರಿಗೂ ಕೇಳಿತು. ಇಡೀ ಬಸ್ಸು ನಕ್ಕಿತು. ಹಿಂದಿನ ಸೀಟಿನ ಮುದುಕರೊಬ್ಬರು, "ನಮ್ಮನಿಯಂಗೂ ಒಂದ್ಸಲ ಹಾಂಗೇ ಆಯಿತ್ತ್" ಎಂದು ಸಮಾಧಾನ ಹೇಳಲು ಎದ್ದು ಬಂದರು. ಕಂಡಕ್ಟರ್ ಟಿಕೆಟು ಕೊಡುವಾಗ ನನ್ನ ಮುಖ ಕಂಡು ಮತ್ತೊಮ್ಮೆ ನಕ್ಕ. ನನಗೆ ಮರ್ಯಾದೆ ಹೋಯಿತು. ಬ್ರಹ್ಮಾವರ ಬಂದದ್ದೇ ತಡ, ತಲೆ ತಗ್ಗಿಸಿಕೊಂಡು ಧಡಕ್ಕನೆ ಇಳಿದೆ. ಆಚಾರಿಯ ಮನೆ ಬಾಗಿಲಿಗೆ ಹೋಗಿ ನಿಂತಾಗ ಗೊತ್ತಾಯಿತು, ಲುಂಗಿಯೂ ಇಲ್ಲ, ಪ್ಲೇಟೂ ಇಲ್ಲ.

ಹತ್ತು ದಿನ ಬಿಟ್ಟು ಆ ಹೆಂಗಸು ಶೆಡ್ಡಿನ ಎದುರು ರಿಕ್ಷಾ ನಿಲ್ಲಿಸಿದರು. ಲುಂಗಿಯನ್ನು ಒಗೆದು ಮಡಚಿ ತಂದಿದ್ದರು.

"ತಕಣಿ ನಿಮ್ ಲುಂಗಿ. ಪ್ಲೇಟಿನ್ ಕತ್ತಿ ಮಾತ್ರ ಭಾರೀ ಲಾಯ್ಕಾಯ್ತ್ ಮಾರಾಯ್ರೆ. ಕೋಡಿಗ್ ಬನ್ನಿ, ಎಷ್ಟ್ ಬೇಕಾರೂ ಕೊಯ್ದ್ ಕೊಡ್ತೆ!"

೩. ಕಣ್ಣಿನ ಪ್ಲೇಟು

ಕೊನೆಗೊಂದು ಶನಿವಾರ ಸಂಜೆ ಗುಡ್ಡೆ ಜೀಪಿನವ ಬಂದ. ಕೊಡಚಾದ್ರಿಗೆ ಜನ ಹತ್ತಿಸುವವ ಅವನು. ಮನುಷ್ಯ ಒಳ್ಳೆಯವ, ಆದರೆ ಹೇಳಿದ ಮಾತು ಅವನ ತಲೆಯಲ್ಲಿ ನಿಲ್ಲುವುದು ಕೆಸುವಿನ ಎಲೆ ಮೇಲೆ ನೀರು ನಿಂತ ಹಾಗೆ.

"ಸೋಮವಾರ ಬೆಳಿಗ್ಗೆ ನನ್ ಪಾಳಿ. ಎಂಟ್ ಜನ ಹೇಳಿಟ್ಟಿರ್. ಹ್ಯಾಂಗಾರೂ ಮಾಡಿ ಕೊಡಿ" ಎಂದು ಕೈ ಮುಗಿದ.

ಬಿಚ್ಚಿ ಕಂಡೆ. ಎರಡನೇ ಪ್ಲೇಟು ಪೂರಾ ತುಂಡು. ಅದಕ್ಕೆ ಬದಲಿ ನನ್ನ ಶೆಡ್ಡಿನಲ್ಲೇ ಇತ್ತು. ಮೇಲಿನ ಮೈನ್ ಪ್ಲೇಟು ಗಟ್ಟಿ ಇತ್ತು. ಅದರ ಎರಡು ತುದಿಯಲ್ಲೂ ಬಳೆಯ ಹಾಗೆ ಸುತ್ತಿರುತ್ತದೆ, ಪಿನ್ನು ತೂರಿಸಲಿಕ್ಕೆ. ಅದಕ್ಕೆ ಕಣ್ಣು ಎಂದು ಹೆಸರು. ಒಂದು ಕಣ್ಣು ಬಿಚ್ಚಿಕೊಂಡಿತ್ತು, ಕಾಸಿ ಪುನಃ ಸುತ್ತಬೇಕು. ಅದು ಆಚಾರಿಯ ಕೆಲಸ. ಆ ಮೈನ್ ಪ್ಲೇಟನ್ನೂ ನನ್ನ ಮನೆಯ ಕತ್ತಿಗೆಂದು ತುಂಡಾದದ್ದನ್ನೂ ಒಟ್ಟಿಗೆ ಕಟ್ಟಿ, ಭಾನುವಾರ ಬೆಳಿಗ್ಗೆ ಅವನನ್ನೇ ಬ್ರಹ್ಮಾವರಕ್ಕೆ ಅಟ್ಟಿದೆ.

"ಸರಿಯಾಗ್ ಕೇಣ್. ಕಣ್ಣಿಪ್ಪದ್ದ್ ಜೀಪಿಗೆ, ಕಣ್ಣಿಲ್ದಿದ್ದ್ ಹೆಂಡ್ತಿಗೆ. ಇಷ್ಟ್ ಹೇಳ್ರೆ ಸಾಕ್, ಆಚಾರಿಗ್ ಗೊತ್ತಾತ್ತ್."

"ಕಣ್ಣಿಪ್ಪದ್ದ್ ಜೀಪಿಗೆ, ಕಣ್ಣಿಲ್ದಿದ್ದ್ ಹೆಂಡ್ತಿಗೆ" ಎಂದು ಬಾಯಿಪಾಠ ಮಾಡುತ್ತಲೇ ಬಸ್ಸು ಹತ್ತಿದ.

ನಾನು ಮನೆಗೆ ಫೋನು ಮಾಡಿ, "ಇವತ್ತ್ ಕತ್ತಿ ಬತ್ತ್, ಹಾಂಗೇ ಕೋಡಿಗ್ ಹೋಯಿ ಬಂಗ್ಡಿ ತತ್ತೆ. ಮಸಾಲೆ ಅರೆದಿಡ್" ಎಂದೆ. ಅವಳ ಸ್ವರದಲ್ಲೂ ಸಂತೋಷ ಇತ್ತು. ಅವತ್ತು ತಿನ್ನದಿದ್ದರೆ ಮರುದಿನ ಸೋಮವಾರ, ನಮ್ಮಲ್ಲಿ ಮೀನು ಮುಟ್ಟುವುದಿಲ್ಲ.

ಮಧ್ಯಾಹ್ನ ಮೂರಕ್ಕೆ ಅವನು ಬಂದ. ಒಂದು ಕೈಯಲ್ಲಿ ಪೇಪರು ಸುತ್ತಿದ ಹೊಸ ಮೆಟ್ಟುಕತ್ತಿ, ಇನ್ನೊಂದರಲ್ಲಿ ಹೋದ ಹಾಗೇ ಬಂದ ತುಂಡು ಪ್ಲೇಟು. ಕತ್ತಿ ಬಿಚ್ಚಿದೆ. ಎಂಥಾ ಕತ್ತಿ ಅಂತೀರಿ! ಫಳಫಳ ಹೊಳೆಯುತ್ತಿತ್ತು. ಅದರ ತುದಿಯಲ್ಲಿ ಗುಂಡಗೆ ಒಂದು ಕಣ್ಣು.

"ಇದೆಂತದಾ ಇದ್?" ಎಂದೆ.

"ಸಾಲಿಗ್ರಾಮದಂಗೆ ಇಳ್ದ್ ಚಾ ಕುಡ್ದದ್ದೇ ತಪ್ಪಾಯ್ತ್. ಮಧ್ಯದ್ ಒಂದ್ ಶಬ್ದ ಮರ್ತ್ ಹೋಯ್ತ್. ಕಣ್ಣಿಪ್ಪದ್ದ್ ಕಣ್ಣಿಲ್ದಿದ್ದ್ ಹೆಂಡ್ತಿಗೆ ಅಂದೆ."

ನಾನು ತಲೆ ಮೇಲೆ ಕೈ ಹೊತ್ತೆ. ಅವನು ಇನ್ನೂ ಹೇಳುತ್ತಲೇ ಇದ್ದ. "ಆಚಾರ್ರಿಗೆ ಭಾರೀ ಬೇಜಾರಾಯ್ತ್. 'ಪಾಪ, ಆ ಹೆಣ್ಣಿನ್ ಕಣ್ಣ್ ಯಾವಾಗ್ ಹೋಯ್ತ್?' ಕೇಳ್ರ್. ನಂಗೆ ಗೊತ್ತಿಲ್ಲ ಅಂದೆ. ಕಣ್ಣ್ ಕಾಣ್ದವ್ರಿಗೆ ಕೈಗ್ ಅಂದಾಜ್ ಸಿಕ್ಕ್‌ಲಿ ಅಂದೇಳಿ ಆ ಬಳೆ ಹಾಂಗೇ ಬಿಟ್ಟಿರ್. ನಿಮ್ಮತ್ರ ಕೇಂಬುಕೆ ನಂಗೂ ಒಂಥರಾ ಆಯ್ತ್."

"ಮಂಡೆಯಂಗೆ ಎಂತ ಸಗಣಿ ತುಂಬ್ಸಿದ್ಯಾ? ಅದ್ ನಿನ್ ಜೀಪಿನ್ ಮೈನ್ ಪ್ಲೇಟ್!"

ಅವನು ಕತ್ತಿಯನ್ನು ಕಂಡ. ಜಾಕಿನ ಮೇಲೆ ನಿಂತ ಜೀಪನ್ನು ಕಂಡ. ಟೂಲ್ಸ್ ಪೆಟ್ಟಿಗೆಯ ಮೇಲೆ ಕುಸಿದು ಕುಳಿತು, "ಹಾಂಗಾರೆ ನಾಳೆ?" ಎಂದ. ಭಾನುವಾರ, ಕುಂದಾಪುರದ ಸ್ಪೇರ್ ಅಂಗಡಿ ಒಂದೂ ತೆರೆದಿರುವುದಿಲ್ಲ. ಅವನ ಕಣ್ಣಲ್ಲಿ ನೀರು ಕಂಡು ನನ್ನ ಸಿಟ್ಟೆಲ್ಲ ಇಳಿಯಿತು. ಅವನಿಗೆ ಸರಿಹೊಂದುವ ಪ್ಲೇಟು ಅಷ್ಟು ಹತ್ತಿರದಲ್ಲಿ ಇದ್ದದ್ದು ಒಂದೇ ಕಡೆ, ಶೆಡ್ಡಿನ ಹಿಂದೆ ನಿಲ್ಲಿಸಿದ ನನ್ನ ಹಳೇ ಜೀಪಿನಲ್ಲಿ.

ಬಿಚ್ಚಿದೆ. ಹಾಕಿದೆ. ಅವನು ಹತ್ತು ಸಲ ಕೈ ಮುಗಿದು ಕೊಲ್ಲೂರಿನ ದಾರಿ ಹಿಡಿದ. ಕೋಡಿಯ ಕಡೆಗೆ ಬಸ್ಸೂ ಇಲ್ಲದ ಹೊತ್ತಾಗಿತ್ತು, ನಾನು ಕತ್ತಿಯನ್ನು ಕಂಕುಳಲ್ಲಿಟ್ಟು ಮನೆಗೆ ನಡೆದೆ.

ಹೆಂಡತಿ ಕತ್ತಿಯನ್ನು ತಿರುಗಿಸಿ ಮುರುಗಿಸಿ ಕಂಡಳು. ಮುಖ ಅರಳಿತು. ಅರೆದಿಟ್ಟ ಮಸಾಲೆಯ ಪರಿಮಳ ಅಂಗಳದವರೆಗೆ ಬರುತ್ತಿತ್ತು.

"ಬಂಗ್ಡಿ?" ಎಂದಳು.

"ಹ್ಯಾಂಗ್ ತರುದ್? ಜೀಪಿಗ್ ಪ್ಲೇಟಿಲ್ಲ."

ಎಲ್ಲವನ್ನೂ ಹೇಳಿದೆ. ಚಾ, ಆಚಾರಿ, ಕಣ್ಣಿಲ್ಲದ ಹೆಂಡತಿ, ಒಂದನ್ನೂ ಬಿಡಲಿಲ್ಲ. ಅವಳು ಒಳಗೆ ಹೋಗಿ ಒಂದು ಸೌತೆಕಾಯಿ ತಂದಳು. ಹೊಸ ಕತ್ತಿಯನ್ನು ಮೆಟ್ಟಿ ಕುಳಿತಳು. ಕಾಯಿ ಒಂದೇ ಸಲಕ್ಕೆ ಎರಡು ಹೋಳಾಯಿತು.

"ಆಚಾರಿ ಹೇಳಿದ್ದ್ ಸರಿಯೇ ಇತ್ತ್" ಎಂದಳು. "ಕಣ್ಣ್ ಇದ್ದಿದ್ರೆ ನಾ ನಿಮ್ಮನ್ನ್ ಮದ್ವಿ ಆತಿದ್ನಾ?"